ಎರಡನೇ ಅಂಕದಲ್ಲೇ ಬಿದ್ದ ಪರದೆ

ನಾಟಕ ಕಂಪನಿಯ ಮನೆ, ಮಹಡಿಯ ಕೋಣೆ
ಭಾನುವಾರ ಮಧ್ಯಾಹ್ನ

ನನ್ನ ಅತ್ತೆಗೆ,

ಎದುರಿಗಿದ್ದಾಗ ಜಗಳ, ದೂರ ಹೋದ ಮೇಲೆ ಪತ್ರ ಅಂತ ನೀವು ಬೈಯುತ್ತೀರಿ. ಬೈಯಿರಿ. ಇಲ್ಲಿಂದಲೇ ನಿಮ್ಮ ಎರಡೂ ಕೈ ಹಿಡಿದುಕೊಂಡು ಬರೆಯುತ್ತಿದ್ದೇನೆ ಅಂದುಕೊಳ್ಳಿ. ಸೊಂಟದ ನೋವು ಹೇಗಿದೆ? ಕೋಲು ಹಿಡಿದು ನಡೆಯುತ್ತಿದ್ದೀರೆಂದು ನಾದಿನಿ ಹೇಳಿದಳು. ಯಾರೂ ಇಲ್ಲದಾಗ ಕೋಲನ್ನು ಮಂಚದ ಕೆಳಗೆ ತಳ್ಳುತ್ತೀರೆಂದೂ ಹೇಳಿದಳು. ಮಗಳ ಮನೆಯಲ್ಲಾದರೂ ಹೇಳಿದ ಮಾತು ಕೇಳಿ ಅತ್ತೆ, ಸೊಸೆಯ ಮಾತಂತೂ ಕೇಳಿದವರಲ್ಲ.

ಸಹಾಯಾರ್ಥ ಪ್ರದರ್ಶನ ಚೆನ್ನಾಗಿ ಆಯಿತು. ಬೆಂಕಿಗೆ ಸುಟ್ಟುಹೋದ ಶಾಲೆಗೆ ಚಾವಣಿ ಬರುತ್ತದೆ, ಬೆಂಚುಗಳೂ ಬರುತ್ತವೆ. ಬಾಲ್ಕನಿಯಲ್ಲಿ ಜನ ಗೋಡೆಗೆ ಒರಗಿ ನಿಂತು ನೋಡಿದರು. ಪೇಪರಿನಲ್ಲಿ ನಿಮ್ಮ ಮಗನ ಫೋಟೋ ಬಂದಿದೆ, ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಇಷ್ಟು ವರ್ಷ ಓಡಿದ ನಾಟಕಕ್ಕೆ ಹೊಸ ಜೀವ ಬಂತು ಎಂದು ಬರೆದಿದ್ದಾರೆ. ಅದನ್ನು ಓದಿ ಹಿಗ್ಗುವ ಮೊದಲು ಈ ಪತ್ರವನ್ನು ಕೊನೆಯವರೆಗೆ ಓದಿ. ಫೋನಿನಲ್ಲಿ ಹೇಳುವ ವಿಷಯವಲ್ಲ. ನಿಮಗೆ ಫೋನಿನಲ್ಲಿ ಅರ್ಧ ಕೇಳಿಸುವುದಿಲ್ಲ, ನಾದಿನಿ ಸ್ಪೀಕರ್ ಹಾಕುತ್ತಾಳೆ, ಆಮೇಲೆ ಅವರ ಮನೆಯ ಬೆಕ್ಕಿಗೂ ಎಲ್ಲ ಗೊತ್ತಾಗಿರುತ್ತದೆ. ಇದು ಸದ್ಯಕ್ಕೆ ನಿಮಗೊಬ್ಬರಿಗೆ ಗೊತ್ತಾಗಲಿ.

ಅತ್ತೆ, ನಿಮ್ಮ ಮಗ ಮರೆಯುತ್ತಿದ್ದಾರೆ.

ಕನ್ನಡಕ ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕುವ ಮರೆವಲ್ಲ. ಅದು ನನಗೂ ಇದೆ, ನಿಮಗಂತೂ ನಾನು ಬಂದಾಗಿನಿಂದ ಇದೆ. ಇದು ಬೇರೆ. ಹಾಲು ತರಲು ಹೋದವರು ಬೀದಿಯ ತಿರುವಿನಲ್ಲಿ ನಿಂತುಬಿಟ್ಟಿರುತ್ತಾರೆ, ಎಡವೋ ಬಲವೋ ತೋಚದೆ. ನಾನು ದೂರದಿಂದ ಹಿಂಬಾಲಿಸಿಕೊಂಡು ಹೋಗಿರುತ್ತೇನೆ. ಅರೆ, ನೀವೂ ಇಲ್ಲೇ ಇದ್ದೀರಾ, ಬನ್ನಿ ಒಟ್ಟಿಗೆ ಹೋಗೋಣ ಅಂತ ತೋಳು ಹಿಡಿದು ಕರೆತರುತ್ತೇನೆ. ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದು, ನೀವು ಟೀ ತಗೋತೀರಾ ಅಂತ ಕೇಳಿದರು. ನನ್ನನ್ನು! ಮದುವೆಯಾದಂದಿನಿಂದ ಲೇ, ನೀನು, ಬಾರೇ ಎಂದು ಕರೆದ ಮನುಷ್ಯ. ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. ಮನೆಗೆ ಬಂದ ಅತಿಥಿಯ ಮುಂದೆ ನಿಂತ ಹಾಗೆ ಸಂಕೋಚದಿಂದ ನಿಂತಿದ್ದರು. ತಗೋತೀನಿ ಅಂದೆ. ಟೀ ಮಾಡಿಕೊಟ್ಟರು, ಸಕ್ಕರೆ ಹಾಕಿರಲಿಲ್ಲ. ಅದನ್ನೇ ಕುಡಿದು, ಲೋಟ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಡಾಕ್ಟರಿಗೆ ತೋರಿಸಿದ್ದೇನೆ. ಔಷಧಿ ಕೊಟ್ಟಿದ್ದಾರೆ. ಸ್ವಲ್ಪ ನಿಧಾನ ಮಾಡಬಹುದು, ತಡೆಯಕ್ಕಾಗಲ್ಲಮ್ಮ ಅಂದರು. ಇವರಿಗೆ ಅದು ಶಕ್ತಿಯ ಮಾತ್ರೆ ಎಂದು ಹೇಳಿ ನುಂಗಿಸುತ್ತಿದ್ದೇನೆ. ನೀವು ಬಿದ್ದು ಸೊಂಟ ಮುರಿದುಕೊಂಡ ಹೊತ್ತಿಗೇ ಇದೂ ಶುರುವಾಗಿತ್ತು. ಹಾಸಿಗೆಯಲ್ಲಿ ನರಳುತ್ತಿದ್ದ ನಿಮಗೆ ಇದನ್ನು ಹೇಗೆ ಹೇಳಲಿ?

ಇನ್ನೊಂದು ಕಾರಣವೂ ಇತ್ತು. ರಂಗದ ಮೇಲೆ ಇವರು ಏನನ್ನೂ ಮರೆಯುತ್ತಿರಲಿಲ್ಲ. ನಂಬುತ್ತೀರಾ ಅತ್ತೆ? ಬಣ್ಣ ಹಚ್ಚಿ ಬೆಳಕಿಗೆ ಬಂದರೆ ಸಾಕು, ಹಳೆಯ ಮನುಷ್ಯ ವಾಪಸು ಬರುತ್ತಿದ್ದರು. ಒಂದು ಮಾತು ತಪ್ಪುತ್ತಿರಲಿಲ್ಲ, ಒಂದು ಹೆಜ್ಜೆ ಆಚೀಚೆ ಆಗುತ್ತಿರಲಿಲ್ಲ. ನನ್ನನ್ನು ನೋಡಿ ಲೇ ಎಂದು ಕೂಗುತ್ತಿದ್ದರು, ರೇಗುತ್ತಿದ್ದರು, ಕಣ್ಣು ಹೊಡೆಯುತ್ತಿದ್ದರು. ಬೆಳಿಗ್ಗೆಯಿಂದ ನನ್ನನ್ನು ಯಾರೋ ಎಂಬಂತೆ ನೋಡಿದವರು ಅಲ್ಲಿ ನನ್ನನ್ನು ಗುರುತಿಸುತ್ತಿದ್ದರು. ನಾಟಕದ ಹೆಂಡತಿಯನ್ನು ಗುರುತಿಸಿದ್ದು, ನನ್ನನ್ನಲ್ಲ ಅನ್ನಬೇಡಿ. ನನಗೆ ಅಷ್ಟಾದರೂ ಬೇಕಾಗಿತ್ತು. ದಿನವಿಡೀ ಕಾಯುತ್ತಿದ್ದೆ, ಸಂಜೆಯಾಗಲಿ, ಗಂಡನನ್ನು ನೋಡೋಣ ಅಂತ.

ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ. ಕಂಪನಿ ನಡೆಸುವ ಚಿಕ್ಕಮಾವನಿಗೆ ಗೊತ್ತಾದರೆ ಇವರನ್ನು ಮನೆಯಲ್ಲಿ ಕೂರಿಸಿಬಿಡುತ್ತಾರೆ. ಇಲ್ಲವೇ ಮರೆತ ಮಾತು ಹೇಳಿಕೊಡಲು ಪ್ರಾಂಪ್ಟರನ್ನು ತಂದು ಪಕ್ಕದಲ್ಲಿ ನಿಲ್ಲಿಸುತ್ತಾರೆ. ನಮ್ಮದು ಪ್ರಾಂಪ್ಟರ್ ಇಲ್ಲದ ಕಂಪನಿ ಎಂದು ನೀವು ಊರೆಲ್ಲ ಹೇಳಿಕೊಂಡು ಬಂದವರು. ಪಕ್ಕದಿಂದ ಪಿಸುಗುಟ್ಟುವ ದನಿ ಕೇಳಿದ ದಿನವೇ ಇವರ ಜಂಘಾಬಲ ಉಡುಗಿಹೋಗುತ್ತದೆ.

ಈಗ ನಿನ್ನೆ ಶನಿವಾರದ್ದು ಹೇಳುತ್ತೇನೆ. ಶಾಲೆಯ ಮಕ್ಕಳೂ ಬರುತ್ತಾರೆಂದು ಮಧ್ಯಾಹ್ನವೇ ಆಟ ಇಟ್ಟಿದ್ದರು. ಸಹಾಯಾರ್ಥ ಆಟವೆಂದರೆ ಹೆಚ್ಚು ಕೊಟ್ಟವರಿಗೆ ಒಂದು ಸಣ್ಣ ಪಾರ್ಟು ಕೊಡಬೇಕಲ್ಲ, ನೀವೇ ಹಾಕಿಕೊಟ್ಟ ಪದ್ಧತಿ. ಹಿಂದೊಮ್ಮೆ ವಕೀಲನ ಪಾರ್ಟು ಮಾಡಿದ ಚಿನ್ನದಂಗಡಿಯವರು ಹೊರಗೆ ಹೋಗಲು ಮನಸ್ಸಾಗದೆ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದು ನಿಮಗೆ ಮರೆತಿರಲಿಕ್ಕಿಲ್ಲ. ಈ ಸಲ ಹಾಸಿಗೆ ಅಂಗಡಿಯ ಸಾಹುಕಾರರು. ಮೂರನೇ ಅಂಕದ ಡಾಕ್ಟರ ಪಾರ್ಟು. ಇರುವುದು ಒಂದೇ ಮಾತು, "ಗಾಬರಿ ಬೇಡ, ಜ್ವರ ಇಳೀತಿದೆ." ಅದಕ್ಕೆ ವಾರವಿಡೀ ಅಂಗಡಿಗೆ ಬಂದ ಗಿರಾಕಿಗಳ ಕೈಯೆಲ್ಲ ಹಿಡಿದು ನಾಡಿ ನೋಡಿದ್ದಾರೆ. ಬಿಳಿ ಕೋಟು ತೊಟ್ಟು, ಕುತ್ತಿಗೆಗೆ ಸ್ಟೆತಾಸ್ಕೋಪ್ ನೇತುಹಾಕಿಕೊಂಡು, ಮೊದಲ ಅಂಕ ಶುರುವಾಗುವ ಮೊದಲೇ ರಂಗದ ಸೈಡಿನಲ್ಲಿ ಬಂದು ನಿಂತಿದ್ದರು. ಇವರಿಗೆ ಎದುರಾದಾಗಲೆಲ್ಲ ಸಾರ್, ನಾನು ಬಲಗೈ ಹಿಡೀಲೋ ಎಡಗೈ ಹಿಡೀಲೋ ಅಂತ ಕೇಳುವುದು. ನನಗೆ ಒಳಗೇ ಕುದಿಯುತ್ತಿತ್ತು. ಹೊಸಬರು ಅಡ್ಡ ಬಂದರೆ ಇವರಿಗೆ ಗೊಂದಲವಾಗುತ್ತದೆ. ಹೋಗಿ ಅಲ್ಲಿ ಪೆಟ್ಟಿಗೆ ಮೇಲೆ ಕೂತ್ಕೊಳ್ಳಿ ಅಂತ ಗದರಿಯೇಬಿಟ್ಟೆ. ಪಾಪ, ಹೋಗಿ ಕೂತರು.

ನಿನ್ನೆ ಬಣ್ಣ ಹಚ್ಚುವಾಗಲೇ ನನಗೆ ಅನುಮಾನ ಬಂದಿತ್ತು. ಇವರು ಕನ್ನಡಿಯಲ್ಲಿ ತಮ್ಮ ಮುಖ ನೋಡುತ್ತಾ ಬ್ರಷ್ ಹಿಡಿದು ಸುಮ್ಮನೆ ಕೂತಿದ್ದರು. ಇವತ್ತು ಅಮ್ಮ ಯಾಕೆ ತಡ ಅಂದರು. ಅಮ್ಮ ನಿಮ್ಮ ತಂಗಿ ಮನೇಲಿ ಇದ್ದಾರಲ್ಲಾ, ಅವರು ಮಾಡ್ತಿದ್ದ ತಾಯಿ ಪಾರ್ಟನ್ನ ಈಗ ನಿಮ್ಮ ಚಿಕ್ಕಮ್ಮ ಮಾಡ್ತಿದ್ದಾರಲ್ಲಾ ಅಂದೆ. ಹೌದಲ್ವಾ ಅಂದರು. ಬ್ರಷ್ ನಾನೇ ತೆಗೆದುಕೊಂಡು ಹುಬ್ಬು ತಿದ್ದಿದೆ. ಆಟ ನಿಲ್ಲಿಸಿ ಎಂದು ಚಿಕ್ಕಮಾವನಿಗೆ ಹೇಳಲು ಎದ್ದೆ, ಬಾಗಿಲವರೆಗೆ ಹೋದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಇವರು ಎದ್ದು ಶರ್ಟಿನ ಕಾಲರ್ ಸರಿಮಾಡಿಕೊಂಡು, ನಡೀಲೇ, ಜನ ಕಾಯ್ತಿದ್ದಾರೆ ಅಂದರು. ಅದೇ ಹಳೆಯ ದನಿ. ನಾನು ಕರಗಿಹೋದೆ.

ಮೊದಲ ಅಂಕ ಹೂವೆತ್ತಿದ ಹಾಗೆ ಆಯಿತು. ಎರಡನೆಯದರಲ್ಲಿ ಆ ಜಾಗ ಬಂತು. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ, ಬರೆದರೆ ನನಗೇ ಸ್ವಲ್ಪ ಸಮಾಧಾನ. ಮಗ ತಾಯಿಯೊಂದಿಗೆ ಜಗಳವಾಡಿ ಮನೆ ಬಿಟ್ಟು ಹೊರಟಿದ್ದಾನೆ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಬರಿಗೈಯಲ್ಲಿ ನಿಂತು ಕೇಳುತ್ತಾಳೆ, "ಊಟಕ್ಕೆ ಬಡಿಸಲಾ?" ಅವನು "ಹಸಿವಿಲ್ಲ, ಹೊರಟೆ" ಎಂದು ಹೋಗಿಬಿಡುತ್ತಾನೆ. ಕೊನೆಯ ಅಂಕದಲ್ಲಿ ಸೋತು ಸೊರಗಿ ವಾಪಸು ಬಂದಾಗ ಅವಳು ತಟ್ಟೆ ಹಿಡಿದುಕೊಂಡು ಬಂದು ಅದೇ ಪ್ರಶ್ನೆ ಕೇಳುತ್ತಾಳೆ. ಆಗ ಅವನು "ಬಡಿಸು, ಎಲ್ಲರಿಗೂ ಬಡಿಸು" ಎಂದು ಕೂರುತ್ತಾನೆ, ಪರದೆ ಬೀಳುತ್ತದೆ. ಮಾವ ಬರೆದದ್ದರಲ್ಲಿ ಜನ ಇವತ್ತಿಗೂ ಹೊಗಳುವ ಜಾಗ ಅದು. ನನಗೆ ಮಾತ್ರ ಈಚೆಗೆ ಅದೇ ಭಯ, ಒಂದೇ ಪ್ರಶ್ನೆಗೆ ಎರಡು ಉತ್ತರವಲ್ಲ.

ಕೇಳಿದೆ, "ಊಟಕ್ಕೆ ಬಡಿಸಲಾ?" ಇವರು ಬಾಗಿಲ ಕಡೆ ತಿರುಗಬೇಕಾದವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಎಂಥ ಆಯಾಸ! ನಡೆದು ಬಂದು, ನೆಲದ ಮೇಲೆ ಕೂತು, "ಬಡಿಸು, ಎಲ್ಲರಿಗೂ ಬಡಿಸು" ಅಂದರು.

ನಮ್ಮ ಗೊರಕೆಯಣ್ಣನನ್ನು ನೀವು ಬಲ್ಲಿರಿ. ಪರದೆಯ ಹಗ್ಗದ ಪಕ್ಕ ಸ್ಟೂಲು ಹಾಕಿಕೊಂಡು ಕಣ್ಣು ಮುಚ್ಚಿ ಕೂತಿರುತ್ತಾನೆ, ಆಟ ನೋಡುವುದನ್ನು ಬಿಟ್ಟು ಯಾವ ಕಾಲವಾಯಿತೋ. ಕಿವಿ ಮಾತ್ರ ಎಚ್ಚರ. ಆ ಮಾತು ಕಿವಿಗೆ ಬಿತ್ತು, ಕೈ ಹಗ್ಗ ಬಿಟ್ಟಿತು. ದಡಾರ್ ಅಂತ ಪರದೆ ಬಿತ್ತು. ಮಗ ಮನೆಬಿಟ್ಟು ಹೋಗಿಯೇ ಇಲ್ಲ, ನಾಟಕ ಮುಗಿದುಹೋಯಿತು!

ಆಚೆ ಜನ ಚಪ್ಪಾಳೆ ತಟ್ಟಲೋ ಬೇಡವೋ ಎಂದು ಗುಜುಗುಜು ಅನ್ನುತ್ತಿದ್ದಾರೆ. ಈಚೆ ಕತ್ತಲೆ. ಚಿಕ್ಕಮಾವ ಓಡಿ ಬರುವ ಸದ್ದು ಕೇಳುತ್ತಿದೆ. ನಾನು ಏನು ಮಾಡಿದೆ ಗೊತ್ತೇ ಅತ್ತೆ? ಸೈಡಿಗೆ ನುಗ್ಗಿ ಸಾಮಾನಿನ ಮೇಜು ತಡಕಾಡಿ ಕೊನೆಯ ಅಂಕದ ತಟ್ಟೆ ಎತ್ತಿಕೊಂಡೆ. ಬಂದು ಮೊದಲಿನ ಜಾಗದಲ್ಲೇ ನಿಂತೆ. ದೀಪ ಹಾಕಿದಾಗ ಎಲ್ಲರಿಗೂ ಕಂಡದ್ದು ನನ್ನ ಕೈಯಲ್ಲಿದ್ದ ತಟ್ಟೆ. ಯಾರು ಮಾಡಿದ್ದು ಇದು ಅಂತ ಚಿಕ್ಕಮಾವ ಕೂಗಿದರು. ನಾನೇ ಅಂದೆ. ಕೊನೆ ಅಂಕ ಅಂತ ತಿಳ್ಕೊಂಡು ತಟ್ಟೆ ಹಿಡ್ಕೊಂಡು ಬಂದುಬಿಟ್ಟೆ, ಅವರು ತಟ್ಟೆ ನೋಡಿ ಆ ಮಾತು ಹೇಳಿದ್ರು ಅಂದೆ.

ಆಮೇಲೆ ನನಗೆ ಸಿಕ್ಕಿದ್ದನ್ನು ಬರೆಯುವುದು ಬೇಡ. ಚಿಕ್ಕತ್ತೆ ಸಿಕ್ಕಿದ್ದೇ ಅವಕಾಶವೆಂದು, ವಯಸ್ಸಾಯ್ತು, ಮನೇಲಿರಬಾರದೇ ಅಂದರು. ಅವರು ನನಗಿಂತ ದೊಡ್ಡವರೆಂಬುದು ಅವರಿಗೆ ಆಗ ನೆನಪಾಗಲಿಲ್ಲ. ಅದೆಲ್ಲ ಹೋಗಲಿ. ಇವರು ಎದ್ದು ಬಂದರು. ನನ್ನ ಕೈಯಲ್ಲಿದ್ದ ತಟ್ಟೆ ನೋಡಿದರು, ನನ್ನ ಮುಖ ನೋಡಿದರು. ತಲೆ ಎಲ್ಲಿಟ್ಟಿದ್ದೆ ನೀನು ಅಂತ ಎಲ್ಲರೆದುರು ಬೈದರು. ನೀನು ಅಂದರಲ್ಲ! ಬೈಸಿಕೊಳ್ಳುತ್ತಾ ನಾನು ಒಳಗೊಳಗೇ ಖುಷಿಪಟ್ಟೆ. ಹುಚ್ಚಿ ಅನ್ನುತ್ತೀರಾ? ಅನ್ನಿ.

ಆಟ ಉಳಿಸಿದ್ದು ಹಾಸಿಗೆ ಸಾಹುಕಾರರು. ಪರದೆ ಬಿದ್ದದ್ದು ತಮ್ಮ ಸರದಿಗೇ ಎಂದುಕೊಂಡರೋ ಏನೋ, ಪೆಟ್ಟಿಗೆಯಿಂದ ಎದ್ದು ನೇರ ಪರದೆಯ ಮುಂದೆ ಹೋಗಿ ನಿಂತುಬಿಟ್ಟರು. ಇಡೀ ಸಭೆಗೆ ಕೈ ಎತ್ತಿ, "ಗಾಬರಿ ಬೇಡ, ಜ್ವರ ಇಳೀತಿದೆ" ಅಂದರು. ಜನ ಬಿದ್ದು ಬಿದ್ದು ನಕ್ಕರು. ನಕ್ಕಿದ್ದೇ ಅವರಿಗೆ ಹುರುಪು ಬಂತು, ಸುಟ್ಟ ಶಾಲೆಯ ವಿಷಯ ತೆಗೆದು ಭಾಷಣ ಶುರು ಮಾಡಿದರು. ಚಿಕ್ಕಮಾವ ಅದನ್ನೇ ವಿರಾಮ ಎಂದು ಘೋಷಿಸಿ ದೀಪ ಹಾಕಿಸಿದರು.

ವಿರಾಮದಲ್ಲಿ ನಾನು ಇವರ ಪಕ್ಕ ಬಿಡಲಿಲ್ಲ. ಮುಂದಿನದನ್ನು ಹೇಳಿಸಿದೆ, ಸರಿಯಾಗಿ ಹೇಳಿದರು. ನನಗೆ ಧೈರ್ಯ ಹೇಳಿದವರು ಅವರು. ಹೆದರ್ಕೋಬೇಡ ಕಣೇ, ನಾನಿದ್ದೀನಲ್ಲ, ನೀನು ತಪ್ಪಿದ್ರೆ ನಾನು ಎತ್ತಿಕೊಡ್ತೀನಿ ಅಂದರು. ಆಯ್ತು ರೀ ಅಂದೆ. ಇನ್ನೇನು ಅನ್ನಲಿ?

ಮತ್ತೆ ಎರಡನೇ ಅಂಕದಿಂದ ಎತ್ತಿಕೊಂಡೆವು. "ಹಸಿವಿಲ್ಲ, ಹೊರಟೆ" ಸರಿಯಾಗಿ ಬಂತು. ಮೂರನೇ ಅಂಕದಲ್ಲಿ ಇವರು ಜ್ವರದಲ್ಲಿ ಮಲಗಿರುತ್ತಾರೆ, ಡಾಕ್ಟರು ಬಂದು ನಾಡಿ ಹಿಡಿಯುತ್ತಾರೆ. ಸಾಹುಕಾರರು ಬಂದು ಕೂತು ಕೈ ಹಿಡಿದರು. ಇವರು ಕಣ್ಣು ಬಿಟ್ಟು ಅವರಿಗೇನೋ ಪಿಸುಗುಟ್ಟಿದ್ದು ನನಗೆ ಸೈಡಿನಿಂದ ಕಂಡಿತು. ಸಾಹುಕಾರರ ಮುಖ ತಟ್ಟನೆ ಇಳಿದುಹೋಯಿತು. ಅಷ್ಟು ಉರು ಹೊಡೆದ ಮಾತನ್ನು ತಡವರಿಸುತ್ತಾ ಹೇಳಿದರು. ಹೇಳಿ, ಕೈ ಬಿಡದೆ ಹಾಗೇ ಕೂತರು.

ಕೊನೆಯ ಅಂಕ. ಮಗ ವಾಪಸು ಬರುತ್ತಾನೆ. ತಾಯಿ ಒಳಗಿನಿಂದ ಬರುತ್ತಾಳೆ. ಅವನು "ಅಮ್ಮಾ" ಎಂದು ಕುಸಿಯಬೇಕು. ಚಿಕ್ಕತ್ತೆ ಬಂದು ನಿಂತರು. ಇವರು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ತುಂಬ ಮರ್ಯಾದೆಯಿಂದ, ನೀವ್ಯಾಕೆ ಬಂದ್ರಿ, ನಮ್ಮಮ್ಮ ಎಲ್ಲಿ ಅಂತ ಕೇಳಿದರು.

ಚಿಕ್ಕತ್ತೆ ಬಾಯಿ ಕಟ್ಟಿ ನಿಂತದ್ದನ್ನು ನಾನು ಜೀವಮಾನದಲ್ಲಿ ಮೊದಲ ಸಲ ನೋಡಿದೆ. ಇವರು ಅತ್ತಿತ್ತ ಹುಡುಕುತ್ತಿದ್ದಾರೆ, ಕಿಟಕಿಯ ಹಿಂದೆ, ಬಾಗಿಲ ಹಿಂದೆ. ನೆಪಕ್ಕಲ್ಲ, ನಿಜವಾಗಿ. ಈಗ ಸುಮ್ಮನಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ, ಮಕ್ಕಳು ನಗುತ್ತವೆ, ನಾಳೆ ಊರೆಲ್ಲ ಆಡಿಕೊಳ್ಳುತ್ತದೆ. ತಟ್ಟೆ ಹಿಡಿದುಕೊಂಡು ಹತ್ತಿರ ಹೋದೆ. ಅಮ್ಮನಿಗೆ ನಡೆಯಕ್ಕಾಗಲ್ಲ, ಸೊಂಟ ನೋವು, ಇವರನ್ನ ಕಳಿಸಿದ್ದಾರೆ ಅಂದೆ. ಇವರು, ನನ್ನ ಮೇಲೆ ಸಿಟ್ಟಾ ಅಮ್ಮನಿಗೆ ಅಂದರು. ಇಲ್ಲ, ಸಿಟ್ಟೆಲ್ಲ ಹೋಯ್ತು ಅಂದೆ. ಹಾಗಾದ್ರೆ ಯಾಕೆ ಬಂದಿಲ್ಲ ಅಂತ ಕೇಳಿ ಅತ್ತುಬಿಟ್ಟರು, ಚಿಕ್ಕ ಮಗು ಅತ್ತ ಹಾಗೆ. ಬರ್ತಾರೆ, ನೀವು ಊಟ ಮಾಡಿದ್ರೆ ಬರ್ತಾರೆ ಅಂದೆ. ಮಾವ ಬರೆದ ಒಂದು ಮಾತೂ ಅಲ್ಲಿರಲಿಲ್ಲ. ಆಮೇಲೆ ಧೈರ್ಯ ಮಾಡಿ ಕೇಳಿದೆ, "ಊಟಕ್ಕೆ ಬಡಿಸಲಾ?"

ಹಸಿವಿಲ್ಲ, ಹೊರಟೆ ಅಂದುಬಿಟ್ಟರೆ? ಎದ್ದು ಹೊರಗೆ ನಡೆದುಬಿಟ್ಟರೆ? ನಾನು ಅವರ ಮೊಣಕೈ ಹಿಡಿದುಕೊಂಡೆ. ಅವರ ಕಣ್ಣೀರು ತಟ್ಟೆಗೆ ಬೀಳುತ್ತಿತ್ತು. ಕೊನೆಗೆ ನನ್ನ ಮುಖ ನೋಡಿ, "ಬಡಿಸು, ಎಲ್ಲರಿಗೂ ಬಡಿಸು" ಅಂದರು. ಗೊರಕೆಯಣ್ಣ ಈ ಸಲ ಹಗ್ಗವನ್ನು ಸರಿಯಾಗಿಯೇ ಬಿಟ್ಟ.

ಜನ ಎದ್ದು ನಿಂತರು ಅತ್ತೆ. ಹೆಂಗಸರು, ಗಂಡಸರು, ಶಾಲೆಯ ಹೆಡ್‌ಮಾಸ್ಟರು, ಎಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಪರದೆ ಎತ್ತಿ ಎತ್ತಿ ಗೊರಕೆಯಣ್ಣನ ತೋಳು ಬಿದ್ದುಹೋಯಿತು. ಇವರು ನಗುತ್ತಾ ಕೈ ಬೀಸಿದರು. ಚಿಕ್ಕಮಾವ ಬಂದು ಇವರನ್ನು ತಬ್ಬಿಕೊಂಡು, ಮೊದಲೇ ಹೇಳಬಾರದಾಗಿತ್ತೇನೋ, ಎಂಥ ಕೊನೆ ತಂದೆಯೋ, ಅಣ್ಣನಿಗೂ ಹೊಳೆದಿರಲಿಲ್ಲವಲ್ಲೋ ಅಂದರು. ಇವರು ಏನಂದರು ಗೊತ್ತೇ? ಎಲ್ಲಾ ನಿಮ್ಮ ಆಶೀರ್ವಾದ ಚಿಕ್ಕಪ್ಪ ಅಂದರು. ಯಾವ ಕೊನೆ ಎಂದು ಇವರಿಗೆ ಗೊತ್ತೇ ಇರಲಿಲ್ಲ.

ಬಣ್ಣ ಒರೆಸಿಕೊಂಡು ಹೊರಬಂದಾಗ ಸಾಹುಕಾರರು ನನ್ನನ್ನು ಬಟ್ಟೆಪೆಟ್ಟಿಗೆಗಳ ಮೂಲೆಗೆ ಕರೆದರು. ಬಿಳಿ ಕೋಟು ಇನ್ನೂ ಬಿಚ್ಚಿರಲಿಲ್ಲ. ಫೋಟೋ ಕೇಳುತ್ತಾರೇನೋ ಎಂದುಕೊಂಡೆ. ನಮ್ಮಣ್ಣನಿಗೂ ಹೀಗೇ ಆಗಿತ್ತಮ್ಮ ಅಂದರು. ಮಂಚದ ಮೇಲೆ ಇವರು ಅವರಿಗೆ ಪಿಸುಗುಟ್ಟಿದ್ದು, ಡಾಕ್ಟ್ರೇ, ನಮ್ಮಮ್ಮನಿಗೆ ಹೇಳಿಕಳಿಸಿ, ನಾನು ಇಲ್ಲಿದ್ದೀನಿ ಅಂತ ಅವಳಿಗೆ ಗೊತ್ತಿಲ್ಲ ಅಂತ. ಅದು ಪಾರ್ಟಿನ ಮಾತಲ್ಲ ಎಂದು ಸಾಹುಕಾರರಿಗೆ ಕೂಡಲೇ ತಿಳಿಯಿತಂತೆ. ಅವರೂ ಅಣ್ಣನದನ್ನು ಮುಚ್ಚಿಟ್ಟಿದ್ದರಂತೆ, ಗಲ್ಲಾದ ಮೇಲೆ ಕೂರಿಸಿಯೇ ಇದ್ದರಂತೆ, ಕೂತರೆ ಹಳೆಯ ಅಣ್ಣನ ಹಾಗೇ ಕಾಣುತ್ತಿದ್ದರು ಅಂತ. ಒಂದು ದಿನ ಆ ಅಣ್ಣ ಗಿರಾಕಿಗಳ ಮುಂದೆ ಬಟ್ಟೆ ಒದ್ದೆ ಮಾಡಿಕೊಂಡು ಅಳುತ್ತಾ ನಿಂತರಂತೆ. ಅವನ ಮರ್ಯಾದೆ ಉಳಿಸ್ತೀನಿ ಅಂತ ನಾನೇ ಕಳೆದೆ ತಾಯಿ, ನೀವು ಹಾಗೆ ಮಾಡ್ಬೇಡಿ ಅಂದರು. ನಾನು ಗದರಿ ಪೆಟ್ಟಿಗೆ ಮೇಲೆ ಕೂರಿಸಿದ ಮನುಷ್ಯ. ಅವರ ಮುಂದೆಯೇ ಜೋರಾಗಿ ಅತ್ತುಬಿಟ್ಟೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇನ್ನೂ ಸ್ವಲ್ಪ ದಿನ ತಳ್ಳುತ್ತಿದ್ದೆನೇನೋ. ಇವತ್ತು ಬೆಳಿಗ್ಗೆ ಪೇಪರು ನೋಡಿದ್ದೇ ಚಿಕ್ಕಮಾವ ಮುಂದಿನ ಶನಿವಾರಕ್ಕೂ ಅದೇ ಹಾಲ್ ಹಿಡಿದಿದ್ದಾರೆ. ಹೊಸ ಕೊನೆಯನ್ನು ಖಾಯಂ ಮಾಡುತ್ತಾರಂತೆ. ನೀವ್ಯಾಕೆ ಬಂದ್ರಿ, ನಮ್ಮಮ್ಮ ಎಲ್ಲಿ ಎಂಬುದನ್ನೆಲ್ಲ ಕಾಗದದ ಮೇಲೆ ಬರೆದು ಇವರ ಕೈಗೆ ಕೊಟ್ಟಿದ್ದಾರೆ. ಇವರು ತಿಂಡಿ ತಿಂದಾಗಿನಿಂದ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಾರೆ. ಚಿಕ್ಕಪ್ಪ ಚೆನ್ನಾಗಿ ಬರೆದಿದ್ದಾರೆ, ಆದರೆ ಅಳೋದು ಎಲ್ಲಿ ಅಂತ ಗೊತ್ತಾಗ್ತಿಲ್ಲ ಅನ್ನುತ್ತಾರೆ. ಮರೆತಾಗ ಆಡಿದ್ದನ್ನು ನೆನಪಿಟ್ಟುಕೊಂಡು ಆಡಲು ಅವರಿಗೆ ಬರುತ್ತಿಲ್ಲ. ಬರದಿದ್ದರೆ ರೇಗುತ್ತಾರೆ. ಇವತ್ತು ಕನ್ನಡಿಯನ್ನೇ ಗುದ್ದಲು ಕೈ ಎತ್ತಿದ್ದರು. ಶನಿವಾರ ಮತ್ತೆ ಆ ಬೆಳಕಿಗೆ ಬಿಟ್ಟರೆ ಒಂದೋ ಇವರು ಸುಳ್ಳಾಗಿ ಅತ್ತು ಜನ ನಗುತ್ತಾರೆ, ಇಲ್ಲ ನಿಜವಾಗಿ ನಿಮ್ಮನ್ನು ಹುಡುಕಿಕೊಂಡು ರಂಗದಿಂದ ಇಳಿದು ಬೀದಿಗೆ ನಡೆಯುತ್ತಾರೆ. ಇವರ ಕಷ್ಟಕ್ಕೆ ಟಿಕೆಟು ಮಾರಲು ನಾನು ಬಿಡುವುದಿಲ್ಲ.

ಆದರೆ ಇಳಿಸುವವರು ಯಾರು? ಚಿಕ್ಕಮಾವನಿಗೆ ಹೇಳಿದರೆ ಅವರು ನಂಬುವು‌ದಿಲ್ಲ, ನಿನ್ನ ತಪ್ಪು ಮುಚ್ಚಿಕೊಳ್ಳೋಕೆ ಅವನ ಮೇಲೆ ಹಾಕ್ತೀಯಾ ಅನ್ನುತ್ತಾರೆ. ತಟ್ಟೆ ಹಿಡಿದು ನಿಂತದ್ದನ್ನು ಎಲ್ಲರೂ ನೋಡಿದ್ದಾರೆ. ಇವರಿಗೆ ನಾನೇ ಹೇಳಲೇ? ನಿಮಗೆ ಹೀಗಾಗುತ್ತಿದೆ, ಇನ್ನು ಬಣ್ಣ ಹಚ್ಚಬೇಡಿ ಅಂತ? ನನ್ನ ನಾಲಿಗೆ ಏಳುವುದಿಲ್ಲ ಅತ್ತೆ. ಇವರು ಕೇಳುವುದು ನಿಮ್ಮ ಮಾತೊಂದನ್ನೇ. ಶುಕ್ರವಾರದೊಳಗೆ ನೀವು ಒಂದು ಮಾತು ಹೇಳಬೇಕು. ಯಾವ ಕಾರಣವನ್ನಾದರೂ ಕೊಡಿ, ಕಾರಣ ಕೊಡದೆಯೂ ಹೇಳಿ, ಸಾಕು ಇಳಿ ಅನ್ನಿ.

ಹಾಗೆ ಬರೆಯುತ್ತಿರುವಾಗಲೇ ಒಳಗೊಬ್ಬಳು ಬೇಡ ಅನ್ನುತ್ತಿದ್ದಾಳೆ, ಅದನ್ನೂ ಹೇಳಿಬಿಡುತ್ತೇನೆ. ರಂಗ ಬಿಟ್ಟರೆ ಇವರು ನನ್ನನ್ನು ಲೇ ಎಂದು ಕೂಗುವ ಜಾಗ ಇನ್ನೊಂದಿಲ್ಲ. ಇಳಿಸಿ ಮನೆಗೆ ಕರೆತಂದ ಮೇಲೆ ಇವರು ದಿನವೂ ನನ್ನನ್ನು ನೀವು ಅಂದರೆ ಹೇಗೆ ತಡೆದುಕೊಳ್ಳಲಿ? ಮನೆಯಲ್ಲಿ ಕೂತು ಸೊರಗಿದರೆ ನಾನೇ ಸೊರಗಿಸಿದ ಹಾಗಾಗುವುದಿಲ್ಲವೇ? ನನಗೆ ಭಯವಾಗುತ್ತಿದೆ. ನಿಮ್ಮ ಹತ್ತಿರ ಮಾತಿಗೆ ಮಾತು ಕೊಟ್ಟು ಗೆದ್ದ ಸೊಸೆ ಇವಳೇನಾ ಅನ್ನಬೇಡಿ. ಇದೊಂದರಲ್ಲಿ ನನಗೆ ನೀವು ಬೇಕು.

ಉತ್ತರ ಬೇಗ ಬರೆಯಿರಿ. ನಾದಿನಿಯ ಕೈಗೆ ಇದು ಸಿಗದ ಹಾಗೆ ನೋಡಿಕೊಳ್ಳಿ. ಕೋಲು ಹಿಡಿದೇ ನಡೆಯಿರಿ.

ಎಂದಿನಂತೆ ನಿಮ್ಮ ಜಗಳಗಂಟಿ
ಸೊಸೆ

ಮತ್ತೆ: ಪತ್ರ ಮಡಿಸುವಾಗ ಇವರು ಬಂದು, ಅಮ್ಮನಿಗೆ ನಾನೂ ಎರಡು ಸಾಲು ಬರೀತೀನಿ ಅಂದರು. ಬೇಡ ಅನ್ನಲಾಗಲಿಲ್ಲ. ಈ ಚೀಟಿ ಬಿಟ್ಟು ನಾನು ಬರೆದದ್ದನ್ನೆಲ್ಲ ಫೋಟೋದ ಜೊತೆ ಲಕೋಟೆಗೆ ತುರುಕಿ, ಇವರಿಗೆ ಬೇರೆ ಹಾಳೆ ಕೊಟ್ಟಿದ್ದೇನೆ. ಕಿಟಕಿ ಹತ್ತಿರ ಕೂತು ಕೈ ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದಾರೆ, ಇಣುಕಬಾರದು ಅಂದಿದ್ದಾರೆ. ನಾನು ನೋಡಿಲ್ಲ. ತಾವೇ ಲಕೋಟೆಗೆ ಹಾಕಿ ಅಂಟಿಸುತ್ತಾರಂತೆ.

ಅಮ್ಮ,

ನಾನು ಚೆನ್ನಾಗಿದ್ದೀನಿ. ನಿನ್ನ ಸೊಸೆ ಚೆನ್ನಾಗಿಲ್ಲ. ಅವಳು ನಿನಗೆ ಬರೆದಿರಲ್ಲ, ಅದಕ್ಕೇ ನಾನು ಬರೀತಿದ್ದೀನಿ. ಅವಳಿಗೆ ಈಚೆಗೆ ತುಂಬಾ ಮರೆವು. ಸಹಾಯಾರ್ಥ ಆಟದಲ್ಲಿ ಎರಡನೇ ಅಂಕಕ್ಕೇ ತಟ್ಟೆ ಹಿಡ್ಕೊಂಡು ಬಂದು ಪರದೆ ಬೀಳಿಸಿಬಿಟ್ಟಳು. ಎಲ್ಲರೆದುರು ಬೈದೆ, ಆಮೇಲೆ ಯಾಕಾದ್ರೂ ಬೈದೆನೋ ಅನ್ನಿಸ್ತು. ಆಟ ಮುಗಿದ ಮೇಲೆ ಆ ಡಾಕ್ಟರು ಅವಳನ್ನ ಮೂಲೆಗೆ ಕರ್ಕೊಂಡು ಹೋಗಿ ಏನೋ ಹೇಳಿದ್ರು, ಅವಳು ತುಂಬಾ ಅತ್ತಳು. ನಾನು ನೋಡಿದೆ ಅಂತ ಅವಳಿಗೆ ಗೊತ್ತಿಲ್ಲ. ಬೀದಿಯಲ್ಲೂ ನಾನೆಲ್ಲಿ ಹೋದ್ರೆ ಅಲ್ಲಿ ನನ್ನ ಹಿಂದೆಯೇ ಬರ್ತಾಳೆ, ದಾರಿ ತಪ್ಪುತ್ತೇನೋ ಅಂತ ಭಯ ಇರಬೇಕು ಪಾಪ. ನಾನೂ ಏನೂ ಗೊತ್ತಿಲ್ಲದ ಹಾಗೆ ತೋಳು ಕೊಟ್ಟು ಕರ್ಕೊಂಡು ಬರ್ತೀನಿ.

ಅಮ್ಮ, ಅವಳನ್ನ ರಂಗದಿಂದ ಇಳಿಸು. ನಾನು ಹೇಳಿದ್ರೆ ನೊಂದ್ಕೋತಾಳೆ, ನಿನ್ನ ಮಾತು ಕೇಳ್ತಾಳೆ. ನಿನಗೆ ಮರೆವು ಅಂತ ಮಾತ್ರ ಅವಳಿಗೆ ಹೇಳ್ಬೇಡ. ನಾನೂ ಇಳೀತೀನಿ. ಚಿಕ್ಕಪ್ಪ ಕೂಗಾಡಿದ್ರೆ ಕೂಗಾಡಲಿ. ಅವಳನ್ನ ಒಬ್ಬಳನ್ನೇ ಮನೇಲಿ ಬಿಟ್ಟು ನಾನು ಬಣ್ಣ ಹಚ್ಚಲ್ಲ.

ನಿನ್ನ ಮಗ